ಗಾಜಿನ ಒಳಮಗ್ಗುಲು

ಕಂತು ಆರು

"ಇದೇ ಬಣ್ಣ ನೋಡ್ರಿ, ಇದೇ!"

ಹಸಿರು ರೇಡಿಯಂ ಸ್ಟಿಕ್ಕರ್ ಹಾಳೆಯ ಸುರುಳಿಯ ಮೇಲಿಟ್ಟ ಬೆರಳನ್ನು ಸುಗಲಾಬಾಯಿ ತೆಗೆಯಲೇ ಇಲ್ಲ. ತೆಗೆದರೆ ಅದೂ ಮಾಯವಾದೀತೆಂಬ ಅಂಜಿಕೆ.

ಅಂಜಿಕೆಗೆ ಕಾರಣವಿತ್ತು. ಸೋಮವಾರ ಹಾಡಹಗಲು ಹನ್ನೊಂದು ಗಂಟೆಗೆ, ಅಕ್ಕಲಕೋಟದ ಒಂದು ಓಣಿಯಲ್ಲಿ, ಹಸಿರು ಅಕ್ಷರಗಳ ಗಾಜಿನ ಬಾಗಿಲಿದ್ದ ಕಣ್ಣಿನ ದವಾಖಾನೆಯೊಳಗೆ ಗಂಡ ಸಾತಲಿಂಗಪ್ಪ ಹತ್ತೂರೆಯನ್ನು ಕೂರಿಸಿ, ಆಧಾರ್ ಕಾರ್ಡಿನ ಝೆರಾಕ್ಸ್ ತರಲು ಹೋಗಿದ್ದಳು. ಇಪ್ಪತ್ತು ನಿಮಿಷಕ್ಕೆ ಮರಳಿದಾಗ ಗಂಡನಿರಲಿಲ್ಲ, ಅಕ್ಷರಗಳಿರಲಿಲ್ಲ, ದವಾಖಾನೆಯೇ ಇರಲಿಲ್ಲ. ಬೀಗ ಹಾಕಿದ ಖಾಲಿ ಕೋಣೆ ಇತ್ತು.

ಅದಾಗಿ ಮೂರು ದಿನ. ಮೂರು ದಿನದಲ್ಲಿ ಮೈಂದರ್ಗಿಯ ಅತ್ತೆಮನೆಯವರು ತಮ್ಮದೇ ತೀರ್ಮಾನಕ್ಕೆ ಬಂದಿದ್ದರು. ಒಂದೋ ಸುಗಲಾಬಾಯಿಗೆ ತಲೆ ಕೆಟ್ಟಿದೆ, ಇಲ್ಲವೇ ಗಂಡನಿಗೆ ಏನೋ ಮಾಡಿ ಬಂದು ಕಥೆ ಕಟ್ಟುತ್ತಿದ್ದಾಳೆ.

ಆಕೆಯ ಮಾತನ್ನು ನಂಬಿದವನು ಒಬ್ಬನೇ. ದೊಡ್ಡಪ್ಪನ ಮಗ ಪೀರಪ್ಪ. ಪೊಲೀಸರ ಬೆರಳಚ್ಚು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದು ನಿವೃತ್ತನಾದ ಹವಾಲ್ದಾರ. ಅಕ್ಷರ ರೇಡಿಯಂನದಾದರೆ ಅದನ್ನು ಯಾವುದೋ ಮಶೀನು ಕೊಯ್ದಿರಲೇಬೇಕು ಎಂದು, ಆಕೆಯನ್ನು ಕರೆದುಕೊಂಡು ಸೊಲ್ಲಾಪುರದ ರೇಡಿಯಂ ಅಂಗಡಿಗಳನ್ನು ಒಂದೊಂದಾಗಿ ಹತ್ತಿಳಿದು, ಒಂಬತ್ತನೆಯದಾಗಿ ನವೀ ಪೇಠದ ಹಿಂದಿನ ಈ ಗಲ್ಲಿಗೆ ಬಂದಿದ್ದ.

ಅಂಗಡಿಯೊಡತಿ ಸುವರ್ಣಾ ನಲವತ್ತೈದರ ಹೆಂಗಸು. ಏನನ್ನೂ ಮುಚ್ಚಿಡಲಿಲ್ಲ.

"ಕಟ್ ಮಾಡಿದ್ದು ನಾನ," ಎಂದಳು. "ಹೋದ ಶುಕ್ರವಾರ. ನಾ ಕೊಯ್ದ ಅಕ್ಷರ ಒಬ್ಬ ಮನಶ್ಯಾನ್ನ ನುಂಗ್ಯಾವ ಅಂದ್ರ ನನಗೂ ಊಟ ಸೇರೂದಿಲ್ಲ. ಕೂಡ್ರಿ, ಫೈಲ್ ತೋರಸ್ತೀನಿ."

ಪರದೆಯ ಮೇಲೆ ದೊಡ್ಡ ಕನ್ನಡ ಅಕ್ಷರಗಳು ಮೂಡಿದವು. ಕೆಳಗೆ ಸಣ್ಣದಾಗಿ ಮರಾಠಿ.

ಸುಗಲಾಬಾಯಿ ಶಾಲೆ ಹುಡುಗಿಯಂತೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ದೃಷ್ಟಿ... ನೇತ್ರಾಲಯ." ಆಕೆಯ ಮುಖ ಸಪ್ಪಗಾಯಿತು. "ಇದಲ್ರಿ."

"ಇದಲ್ಲ?" ಪೀರಪ್ಪ ಬಗ್ಗಿ ನೋಡಿದ. "ಈಗರ ಇದೇ ಬಣ್ಣ ಅಂದಿ?"

"ಬಣ್ಣ ಇದೇ ಅಣ್ಣಾ. ಆದ್ರ ಬಾಗಿಲ ಮ್ಯಾಲ ನೇತಾಲಯ ಅಂತ ಇತ್ತು. ಕೆಳಗಿನ ರ ಇರಲಿಲ್ಲ. ನಾ ನಕ್ಕೋತ ನಮ್ಮವರಿಗೆ ಅಂದೀನಿ, ಇದು ಕಣ್ಣಿನ ದವಾಖಾನಿ ಅಲ್ಲ, ನೇತಾಗೋಳ ಮನಿ ಅಂತ. ಅವರು ನಗಲಿಲ್ಲ."

ಸುವರ್ಣಾ ಕುರ್ಚಿಯಲ್ಲಿ ನೆಟ್ಟಗಾದಳು. ತಪ್ಪು ಹೇಗೆ ಇರಲು ಸಾಧ್ಯ? ಅದನ್ನು ತಿದ್ದಿದ್ದು ಆಕೆಯೇ.

ಗಿರಾಕಿಗಳು ಕಳಿಸಿದ ಫೈಲನ್ನು ಆಕೆ ಎಂದೂ ನೇರವಾಗಿ ಮಶೀನಿಗೆ ಹಾಕುವವಳಲ್ಲ. ಮಶೀನಿನ ಚೂರಿಗೆ ಬಣ್ಣ ಗೊತ್ತಿಲ್ಲ, ಗೆರೆ ಮಾತ್ರ ಗೊತ್ತು. ತಲೆಕಟ್ಟು ಅಕ್ಷರದ ಮೇಲೆ ಬರಿದೇ ಕೂತಿದ್ದರೆ ಚೂರಿ ಎರಡನ್ನೂ ಬೇರೆ ಬೇರೆಯಾಗಿ ಕೊಯ್ದು ಅಕ್ಷರದ ರುಂಡ ಮುಂಡ ಬೇರೆ ಮಾಡುತ್ತದೆ. ಅದಕ್ಕೇ ಎಲ್ಲವನ್ನೂ ಗೆರೆಯಾಗಿಸಿ, ಕೂಡುವಲ್ಲಿ ಬೆಸೆದು, ಕೂದಲಿನಷ್ಟು ತೆಳುವಾದ ತುದಿಗಳನ್ನು ದಪ್ಪ ಮಾಡಿ ಆಮೇಲೆ ಕೊಯ್ಯಬೇಕು.

"ಇದು ಬಂದ ಫೈಲ್," ಎಂದು ಆಕೆ ಇನ್ನೊಂದನ್ನು ಪಕ್ಕದಲ್ಲಿ ತೆರೆದಳು. "ಇದ್ರಾಗ ಖರೇನ ನೇತಾಲಯ ಅದ ನೋಡ್ರಿ. ನಾ ಕನ್ನಡ ಸಾಲಿ ಕಲ್ತಾಕಿ, ಕಣ್ಣಿಗೆ ಚುಚ್ಚಿತು. ತ ಕೆಳಗ ರ ಒತ್ತು ನಾನ ಕೈಲೆ ಬರದು ಕೂಡಿಸೀನಿ. ತಿದ್ದಿದ್ದನ್ನ ಕೊಯ್ದೀನಿ."

"ಹಂಗಾರ ಬಾಗಿಲ ಮ್ಯಾಲಿದ್ದದ್ದು ನಿಮ್ಮ ಅಕ್ಷರ ಅಲ್ಲ," ಎಂದ ಪೀರಪ್ಪ.

"ಮತ್ತ ಯಾರವು? ಈ ಫೈಲ್ ಇನ್ನೊಂದ ಅಂಗಡಿಗೂ ಹೋಗಿತ್ತೇನು?"

ಮೂವರೂ ಎರಡು ಫೈಲುಗಳನ್ನು ನೋಡುತ್ತ ಕೂತರು. ಒಂದರಲ್ಲಿ ರ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಒಂದು ಸೊಟ್ಟ ಗೆರೆಗಾಗಿ ಇಡೀ ಜಾಡು ಎರಡು ಹೋಳಾಗಿತ್ತು.

"ಕೊಯ್ದ ಫೈಲ್ ಇದೇ ಏನ್ರಿ? ಇದ್ದದ್ದು ಇದ್ದಂಗ?" ಪೀರಪ್ಪ ಬಿಡಲಿಲ್ಲ.

"ಹೂಂ. ತಡೀರಿ, ಇಲ್ಲ..." ಸುವರ್ಣಾ ಮೂರನೆಯದನ್ನು ತೆರೆದಳು. "ಕಡೀಕ ಮಶೀನಿಗೆ ಹೋಗಿದ್ದು ಇದು."

ಸುಗಲಾಬಾಯಿ ಕಣ್ಣು ಕಿರಿದು ಮಾಡಿದಳು. "ಇದೇನ್ರಿ, ಅಕ್ಷರೆಲ್ಲ ಹಿಂದ ಮುಂದ ಆಗ್ಯಾವ!"

"ಉಲ್ಟಾ ಕಟ್ ಮಾಡ್ರಿ ಅಂತ ಹೇಳಿ ಕಳಿಸಿದ್ರು, ಮಾವಶಿ. ಗಾಜಿನ ಒಳಮಗ್ಗುಲಿಂದ ಅಂಟಸೂದಿದ್ರ ಹಂಗ ಕೊಯ್ಯಬೇಕು. ಆಗ ಹೊರಗ ನಿಂತಾರಿಗೆ ಸರಳ ಕಾಣಸ್ತಾವ."

ಪೀರಪ್ಪನ ಕೈಯಲ್ಲಿದ್ದ ಚಹಾದ ಕಪ್ಪು ಮೇಜಿನ ಮೇಲೆ ಕೂತಿತು.

"ಬಾಯಾರ, ಮತ್ತೊಮ್ಮೆ ಹೇಳ್ರಿ. ಒಳಮಗ್ಗುಲಿಂದ?"

"ಹೌದು."

"ನಾ ಮಂಗಳವಾರ ಆ ಬಾಗಿಲ ಪೂರಾ ಪುಡಿ ಉದುರಿಸಿ ನೋಡೀನಿ. ಹೊರಗಿಂದ. ಒಂದ ಚುಕ್ಕಿ ಅಂಟಿಲ್ಲ. ಈ ಗಾಜಿಗೆ ಎಂದೂ ಏನೂ ಅಂಟಿಸೇ ಇಲ್ಲ ಅಂತ ನಾನ ಹೇಳಿ ಬಂದೀನಿ." ಆತ ತಂಗಿಯ ಕಡೆ ನೋಡಲಿಲ್ಲ. "ಅವತ್ತು ರಾತ್ರಿ ನನಗೂ ಅನುಮಾನ ಬಂತು ಸುಗಲಾ. ನಿನ್ನ ಮ್ಯಾಲ."

ಸುಗಲಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಬೈಯಲಿಲ್ಲ. "ನನಗೂ ಬಂದಿತ್ತು ಅಣ್ಣಾ," ಎಂದಳು.

ಸುವರ್ಣಾ ಅಷ್ಟರಲ್ಲಿ ಫೋನು ಹಚ್ಚಿದ್ದಳು. ಫೈಲು ಕಳಿಸಿದವನು ಓಂಕಾರ. ಅಕ್ಕಲಕೋಟದಲ್ಲಿ ಲಗ್ನಪತ್ರಿಕೆ, ಬ್ಯಾನರು ಮಾಡಿಕೊಡುವ ಅಂಗಡಿ ಅವನದು. ಕೊಯ್ಯುವ ಮಶೀನು ಇಲ್ಲದ್ದರಿಂದ ಆರು ವರ್ಷಗಳಿಂದ ಇಲ್ಲಿಗೇ ಕಳಿಸುತ್ತಿದ್ದ.

"ಅಹೋ ಅಕ್ಕಾರ, ಗಿರಾಕಿ ಪೆನ್ ಡ್ರೈವ್‌ನ್ಯಾಗ ತಯಾರ ಫೈಲ್ ತಂದಿದ್ದ," ಎಂದ ಅವನು. "ನಾ ಫಕ್ತ ನಿಮಗ ಕಳಿಸೀನಿ. ಯಾಂವೋ ಏನೋ, ಮಾರಿ ಸುದ್ದಾ ನೆನಪಿಲ್ಲ. ಗಿರಾಕಿ ಬಂದಾರ, ಇಡ್ತೀನ್ರಿ."

ಸುವರ್ಣಾ ಫೋನು ಕೆಳಗಿಟ್ಟು, ಓಂಕಾರ ಕಳಿಸಿದ್ದ ಫೈಲಿನ ಬಣ್ಣವನ್ನೆಲ್ಲ ತೆಗೆದು ಬರೀ ಗೆರೆ ಉಳಿಯುವಂತೆ ಮಾಡಿದಳು. ಮರೆತು ಬಿಟ್ಟ ಚೂರುಪಾರು, ಬಿಳಿ ಬಣ್ಣದ ಕೆಳಗೆ ಅಡಗಿದ ಆಕಾರ, ಎಲ್ಲ ಹೊರಬೀಳುವುದು ಆಗಲೇ. ಆಮೇಲೆ ಚಿತ್ರವನ್ನು ಚಿಕ್ಕದು ಮಾಡುತ್ತ ಹೋದಳು. ಪುಟ ಅಂಗೈಯಷ್ಟಾಯಿತು, ಹೆಬ್ಬೆರಳಷ್ಟಾಯಿತು. ಪುಟದಿಂದ ಬಹಳ ದೂರ, ಎಡಕ್ಕೆ, ಒಂದು ಗಣಪತಿ ಕೂತಿದ್ದ. ಪಕ್ಕದಲ್ಲಿ ಕಳಶ. ಎರಡು ನವಿಲು.

"ಸುಳ್ಳು ಹೇಳ್ಯಾನ," ಎಂದಳು ಸುವರ್ಣಾ.

"ಗಣಪತಿ ಹೇಳಿದನೇನು?" ಪೀರಪ್ಪ ಕೇಳಿದ.

"ಹೌದ್ರಿ. ಓಂಕಾರ ಹಳೇ ಲಗ್ನಪತ್ರಿಕಿ ಫೈಲ್ ತಗದು, ಅದ್ರಾಗಿಂದೆಲ್ಲ ಬಾಜೂಕ ಸರಿಸಿ, ನಡುವ ಹೊಸದು ಬರೀತಾನ. ಆರು ವರ್ಷ ಇದೇ ನವಿಲು ನೋಡಾಕತ್ತೀನಿ. ಗಿರಾಕಿ ತಂದ ಫೈಲಿನ್ಯಾಗ ಇವು ಹ್ಯಾಂಗ ಬರ್ತಾವ? ಈ ಬೋರ್ಡು ಅವನ ಕೈಲೇ ಆಗ್ಯದ. ಬರೆಸಿದಾಂವ ಯಾರಂತ ಅವಗ ಗೊತ್ತದ."

ಆಕೆ ಮಶೀನಿನ ಸ್ವಿಚ್ಚು ಆರಿಸಿ ಶಟರಿನ ಬೀಗ ಕೈಗೆತ್ತಿಕೊಂಡಳು.

* * *

ಅಕ್ಕಲಕೋಟದ ಎಸ್.ಟಿ. ಬಸ್ಸಿನಲ್ಲಿ ಮೂವರಿಗೂ ಕೂರಲು ಜಾಗ ಸಿಕ್ಕಿತು. ಸುವರ್ಣಾಳ ತಲೆಯಲ್ಲಿ ಆ ರ ಒತ್ತು ತಿರುಗುತ್ತಲೇ ಇತ್ತು. ತಾನು ಕೂಡಿಸಿದ್ದು ನಿಜ. ಕೊಯ್ದದ್ದೂ ನಿಜ. ಈ ಹೆಂಗಸು ಕಂಡದ್ದೂ ಸುಳ್ಳಿರಲಾರದು. ಮೂರೂ ಒಟ್ಟಿಗೆ ನಿಜವಾಗುವುದು ಹೇಗೆ?

ಓಣಿ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ಹಾದಿ. ಮೂರು ಮಹಡಿಯ ಹೊಸ ಕಟ್ಟಡ, ಕೆಳಗೆ ಸಾಲಾಗಿ ಅಂಗಡಿಗಳಿಗಾಗಿ ನಾಲ್ಕು ಗಾಳೆ, ಮೂರಕ್ಕೆ ಶಟರು, ಕೊನೆಯದಕ್ಕೆ ಮಾತ್ರ ಗಾಜಿನ ಬಾಗಿಲು. ಯಜಮಾನ ಲಕ್ಷ್ಮೀಕಾಂತ ಮೇಲಿನ ಮಹಡಿಯಿಂದ ಕೀಲಿಗೊಂಚಲು ಹಿಡಿದು, ಊಟದ ನಡುವೆ ಎದ್ದು ಬಂದವನ ಮುಖ ಮಾಡಿಕೊಂಡು ಇಳಿದ.

"ಹವಾಲ್ದಾರ್ರ, ಎಷ್ಟ ಸಲ ಹೇಳ್ಲಿ? ನಾಕ ತಿಂಗಳಾತು ಈ ಗಾಳಾ ಖಾಲಿ ಅದ. ಕೀಲಿ ನನ್ನ ಹತ್ರಾನ ಅದ. ಈ ಬಾಯಾರು ಮತ್ತೆಲ್ಲೋ ಹೋಗಿ ಇಲ್ಲಿ ಬಂದು ಅಳಾಕತ್ತಾರ."

"ಹಿಂದಿನ ಬಾಗಿಲ ಚಿಲಕ ಮುರದದ, ಒಳಗ ಹೋದ್ರ ಈ ಗಾಜಿನ ಬಾಗಿಲ ಕೀಲಿ ಕೈಲೇ ತೆಗೀಬಹುದು, ಅದು ನಿಮಗ ಗೊತ್ತೇನು?" ಎಂದ ಪೀರಪ್ಪ.

"ಅದು ಮೊದಲಿಂದನ ಹಂಗ ಅದ. ಖಾಲಿ ಖೋಲಿಗೆ ಯಾಂವ ಬರ್ತಾನ?"

"ಯಾಂವ ಬಂದಿದ್ದ ಅಂತ ನೋಡೂಣು. ತೆಗೀರಿ."

ಒಳಗೆ ಸುಣ್ಣದ ವಾಸನೆ. ಒಂದು ಕುರ್ಚಿಯೂ ಇರಲಿಲ್ಲ. ಸುವರ್ಣಾ ಬಾಗಿಲನ್ನು ಒಳಗಿನಿಂದ ಎಳೆದು ಮುಚ್ಚಿದಳು. ಸುಗಲಾಬಾಯಿ ಹೊರಗೇ, ಓಣಿಯಲ್ಲೇ ನಿಂತಳು. ಸೋಮವಾರ ನಿಂತಿದ್ದ ಜಾಗವನ್ನು ಆಕೆ ಹುಡುಕಿಕೊಂಡು ನಿಂತದ್ದು ಗಾಜಿನಾಚೆ ಕಾಣುತ್ತಿತ್ತು.

ಪೀರಪ್ಪ ಚೀಲದಿಂದ ಸಣ್ಣ ಡಬ್ಬಿ ತೆಗೆದ. ಕರಿ ಪುಡಿ, ಅಳಿಲಿನ ಬಾಲದಂಥ ಮೆತ್ತನೆಯ ಕುಂಚ. "ಅಂಟು ಉಳದಿರ್ತದೇನ್ರಿ? ಒಂದೆರಡ ದಿನ ಇದ್ದ ಅಕ್ಷರ."

"ಹಲಕಾ ಮಾಲು ಅದು. ಬಿಸಲಿಗೆ ಜಲ್ದಿ ಅಂಟು ಗಾಜಿನ ಮ್ಯಾಲ ಬಿಡ್ತದ. ಅಂಚಿನ್ಯಾಗ ನೋಡ್ರಿ, ಅಂಚಿನ್ಯಾಗ ಜಾಸ್ತಿ ಇರ್ತದ. ಎದಿ ಎತ್ತರದಾಗ."

ಕುಂಚ ಗಾಜಿನ ಮೇಲೆ ಹಗುರಾಗಿ ಓಡಿತು. ಮೊದಲು ಏನೂ ಇಲ್ಲ. ಬಳಿಕ ಒಂದು ಬಾಗಿದ ಗೆರೆ. ಅದರ ಪಕ್ಕ ಇನ್ನೊಂದು. ಪುಡಿ ಹಿಡಿದುಕೊಂಡಷ್ಟೂ ಅಕ್ಷರಗಳ ಅಂಚು ಎದ್ದು ಬಂತು. ಒಳಗಿನಿಂದ ಎಲ್ಲ ಹಿಂದುಮುಂದು. ಹೊರಗಿನಿಂದ ಮಾತ್ರ ಸರಳ.

"ದೃ..." ಹೊರಗಿನಿಂದ ಧ್ವನಿ ಕೇಳಿತು. "ಷ್ಟಿ."

ಪೀರಪ್ಪನ ಕೈ ನಿಂತಿತು. ಮತ್ತೆ ಓಡಿತು.

"ನೇ... ತಾ... ಲ... ಯ." ಸುಗಲಾಬಾಯಿ ಎರಡೂ ಅಂಗೈಯನ್ನು ಗಾಜಿಗೊತ್ತಿ ನಿಂತಿದ್ದಳು. "ನೇತಾಲಯ! ಹೇಳಿದ್ದಿಲ್ಲೇನು ನಾ? ಹೇಳಿದ್ದಿಲ್ಲೇನು? ನನಗ ಹುಚ್ಚ ಹಿಡದಿಲ್ಲ!"

ಆಕೆಯ ಕೂಗಿಗೆ ಓಣಿಯ ಇಬ್ಬರು ಹೆಂಗಸರು ಬಾಗಿಲಿಗೆ ಬಂದರು. ಲಕ್ಷ್ಮೀಕಾಂತ ಕೀಲಿಗೊಂಚಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತ, "ನನಗ ಖರೇನ ಗೊತ್ತಿಲ್ರಿ, ದೇವರಾಣಿ," ಎಂದು ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಿದ್ದ.

ಸುವರ್ಣಾ ಮಾತ್ರ ತ ಅಕ್ಷರದ ಕೆಳಗೆ ನೋಡುತ್ತಿದ್ದಳು. ಅಲ್ಲಿ ಪುಡಿ ಹತ್ತಿರಲಿಲ್ಲ. ಒತ್ತು ಅಲ್ಲಿ ಅಂಟಿರಲೇ ಇಲ್ಲ.

ಆಕೆ ಮೊಣಕಾಲೂರಿ ಬಾಗಿಲ ಬುಡದ ಅಲ್ಯುಮಿನಿಯಂ ಪಟ್ಟಿಯ ಸಂದಿಯಲ್ಲಿ ಬೆರಳಾಡಿಸಿದಳು. ಮಣ್ಣು, ಒಂದು ಗುಂಡುಪಿನ್ನು, ಸತ್ತ ಜಿರಲೆ. ಮತ್ತೆ ಮೂಲೆಯಲ್ಲಿ, ಮಡಚಿ ತನಗೆ ತಾನೇ ಅಂಟಿಕೊಂಡ ಒಂದು ಹಸಿರು ಚೂರು. ಉಗುರಿನಿಂದ ಬಿಡಿಸಿದಳು. ಕುಡುಗೋಲಿನಂತೆ ಬಾಗಿದ, ಕಿರುಬೆರಳಿನಷ್ಟು ಉದ್ದದ ಗೆರೆ.

"ರ ಒತ್ತು," ಎಂದಳು. "ನನ್ನದು. ತುದಿ ನೋಡ್ರಿ, ಹರೀಬಾರ್ದಂತ ನಾ ದಪ್ಪ ಮಾಡಿದ್ದು. ತ ಕ್ಕ ಅಂಟದ ಬಿಡಿ ಚೂರು ಇದು, ಅಂಟಸೂವಾಗ ಕಳಚಿ ಬಿದ್ದದ. ಕನ್ನಡ ಓದಾಕ ಬಲ್ಲಾಂವ ಇದ್ರ ಹುಡುಕಿ ಅಂಟಸ್ತಿದ್ದ. ಇದು ಇಲ್ಲ ಅಂತ ಅವನಿಗೆ ತಿಳೀಲೇ ಇಲ್ಲ."

ಎರಡು ಬೋರ್ಡುಗಳಿರಲಿಲ್ಲ. ಒಂದೇ ಇತ್ತು. ಸುವರ್ಣಾಳಿಗೆ ಒಂದು ಕ್ಷಣ ಹಗುರೆನಿಸಿತು. ಮರುಕ್ಷಣವೇ ಇನ್ನೊಂದು ಪ್ರಶ್ನೆ ಎದ್ದಿತು. ಕನ್ನಡ ಓದಲೂ ಬಾರದವರಿಗೆ, ಈ ಓಣಿಯಲ್ಲಿ, ಅಷ್ಟು ದೊಡ್ಡ ಕನ್ನಡ ಅಕ್ಷರ ಯಾಕೆ ಬೇಕಿತ್ತು?

* * *

ಓಂಕಾರನ ಅಂಗಡಿ ಬಸ್ ಸ್ಟ್ಯಾಂಡಿನ ಎದುರು, ಮೊದಲ ಮಹಡಿಯಲ್ಲಿ. ಗೋಡೆ ತುಂಬ ಲಗ್ನಪತ್ರಿಕೆಯ ನಮೂನೆಗಳು. ಮೂವತ್ತರ ಓಂಕಾರ ಸುವರ್ಣಾಳನ್ನು ಕಂಡು ನಗುತ್ತ ಎದ್ದ. ಹಿಂದೆ ಬಂದ ಪೀರಪ್ಪನನ್ನು ಕಂಡು ನಗು ಅರ್ಧಕ್ಕೆ ನಿಂತಿತು. ಸುಗಲಾಬಾಯಿಯನ್ನು ಆತ ಗುರುತಿಸಲಿಲ್ಲ. ಆಕೆ ಯಾರೋ ಗಿರಾಕಿ ಎಂಬಂತೆ ಸ್ಟೂಲು ಸರಿಸಿ ಕೊಟ್ಟ.

ಸುವರ್ಣಾ ಹಸಿರು ಚೂರನ್ನು ಅವನ ಮೇಜಿನ ಮೇಲಿಟ್ಟಳು.

"ಇದೇನು ಓಂಕಾರ?"

"ಕಸ, ಅಕ್ಕಾರ."

"ಇದು ನೀ ಬಿಟ್ಟ ಅಕ್ಷರ. ಎರಡ ಸಲ ಬಿಟ್ಟಿ. ಬರಿಯೂವಾಗೊಮ್ಮೆ, ಅಂಟಸೂವಾಗೊಮ್ಮೆ."

"ನಾ ಎಲ್ಲಿ ಬರ್ದೀನ್ರಿ? ಗಿರಾಕಿ ತಯಾರ ಫೈಲ್—"

"ನಿನ್ನ ಗಣಪತಿ ಫೈಲಿನ್ಯಾಗ ಇದ್ದಾನ. ನಿನ್ನ ನವಿಲೂ ಅವ. ಗಿರಾಕಿ ತನ್ನ ಮನ್ಯಾಗ ನಿನ್ನ ನವಿಲು ಸಾಕ್ಯಾನೇನು?"

ಓಂಕಾರ ಕೂತ. ಮೌಸನ್ನು ಹಿಡಿದ, ಬಿಟ್ಟ, ಮತ್ತೆ ಹಿಡಿದ.

"ಆಯಿ ಶಪ್ಪತ್ ಅಕ್ಕಾರ, ನಾ ಏನೂ ತಪ್ಪು ಮಾಡಿಲ್ಲ. ಶೂಟಿಂಗ್ ಅದ ಅಂದಿದ್ರು. ಒಂದ ದಿನದ ಸೆಟ್ಟು. ಯಾರಿಗೂ ಹೇಳಬ್ಯಾಡ, ಮಂದಿ ಕೂಡ್ತಾರ ಅಂದ್ರು. ನನಗ ಕನ್ನಡ ಓದಾಕ ಬರ್ತದೇನ್ರಿ? ಕಾಗದದ ಮ್ಯಾಲ ಬರ್ದು ಫೋಟೋ ಕಳಿಸಿದ್ರು. ಆಕಾರ ನೋಡಿ ನೋಡಿ ಕೂಡಿಸೀನಿ."

"ಅಂಟಿಸಿದ್ದೂ ನೀನ?" ಪೀರಪ್ಪ ಕೇಳಿದ.

"ಹೌದ್ರಿ. ಆದಿತವಾರ ಮಧ್ಯಾಹ್ನ. ಹಿಂದಿನ ಬಾಗಲಾ ತೆರದಿತ್ತು, ಒಳಗ ಯಾರೂ ಇರಲಿಲ್ಲ. ಅಂಟಿಸಿ ಬಂದೀನಿ."

"ಸೋಮವಾರ ತಗದಾಂವ?"

"ನಾ ಅಲ್ರಿ! ಹ್ಯಾಂಗ ತೆಗೀಬೇಕಂತ ಕೇಳಿದ್ರು. ಮೂಲಿಂದ ಹಿಡದು ಎಳೀರಿ, ಐದು ಮಿನಿಟಿನ ಕೆಲಸ ಅಂತ ಹೇಳೀನಿ. ಅಷ್ಟ."

"ಮಾರಿ ನೋಡೀಯೇನು?"

"ಒಮ್ಮೆನೂ ಇಲ್ರಿ. ಎಲ್ಲಾ ಫೋನಿನ ಮ್ಯಾಲ. ಮೆಸೇಜ್ ಎಲ್ಲಾ ಅಳಸು ಅಂದ್ರು, ಅಳಿಸೀನಿ. ಸೋಮವಾರದಿಂದ ಆ ನಂಬರು ಬಂದ್ ಅದ."

ಪೀರಪ್ಪ ಬಾಗಿಲಿಗೆ ಒರಗಿ ನಿಂತ. ಧ್ವನಿ ಏರಿಸಲಿಲ್ಲ. "ತಮ್ಮಾ, ಅದು ಶೂಟಿಂಗ್ ಅಲ್ಲ. ಆ ಬಾಗಿಲ ಒಳಗ ಹ್ವಾದ ಮನಶ್ಯಾ ಹೊರಗ ಬಂದಿಲ್ಲ. ಅವನ ಹೇಣ್ತಿ ಇಲ್ಲೇ ಕೂತಾಳ."

ಓಂಕಾರ ಸ್ಟೂಲಿನ ಮೇಲಿದ್ದ ಹೆಂಗಸನ್ನು ಮೊದಲ ಸಲ ಸರಿಯಾಗಿ ನೋಡಿದ. ಏನನ್ನೂ ಕೇಳದೆ ಫೋನು ತೆಗೆದು, ಫೋಲ್ಡರುಗಳ ಒಳಗೊಳಗೆ ಹೋಗಿ ಏನೋ ಹುಡುಕಿದ.

"ಮೆಸೇಜ್ ಅಳಿಸಿದ್ರೂ ಆಡಿಯೋ ಫೋನಿನ್ಯಾಗ ಉಳಿದದ್ರಿ. ಒಂದ ಅದ. ಶುರೂಕ ಬಂದದ್ದು."

ಫೋನನ್ನು ಮೇಜಿನ ನಡುವೆ ಇಟ್ಟು ಒತ್ತಿದ. ಗಂಡಸಿನ ಧ್ವನಿ. ನಿಧಾನ, ಸ್ವಲ್ಪ ಒಡಕು.

"ಬೋರ್ಡು ಕನ್ನಡದಾಗ ದೊಡ್ಡದು ಇರ್ಲಿ. ಮರಾಠಿ ಸಣ್ಣದು ಹಾಕು. ಆಕಿಗೆ ಬರೀ ಕನ್ನಡ ಓದಾಕ ಬರ್ತದ. ಗಾಜಿನ ಒಳಮಗ್ಗುಲಿಂದ ಅಂಟಸು. ಸೋಮವಾರ ಹನ್ನೊಂದಕ್ಕ ಆಕಿ ಬರ್ತಾಳ. ಆಕಿ ಒಂದ ಸಲ ಓದಿದ್ರ ಸಾಕು."

ಕೆಳಗೆ ಬಸ್ಸೊಂದು ಹಾರ್ನು ಬಾರಿಸಿತು. ಸುವರ್ಣಾ ಪೀರಪ್ಪನ ಮುಖ ನೋಡಿದಳು. ಅವನು ತಂಗಿಯನ್ನೇ ನೋಡುತ್ತಿದ್ದ.

ಸುಗಲಾಬಾಯಿ ಎದ್ದು ನಿಂತಿದ್ದಳು.

"ಮತ್ತ ಹಚ್ಚು," ಎಂದಳು.

ಓಂಕಾರ ಹಚ್ಚಿದ.

"ಇನ್ನೊಮ್ಮೆ."

ಮೂರನೆಯ ಸಲ ಮುಗಿದಾಗ ಆಕೆ ಮೇಜಿನ ಅಂಚನ್ನು ಹಿಡಿದುಕೊಂಡಳು.

"ನಮ್ಮವರು," ಎಂದಳು.

"ಸುಗಲಾ, ಬರೋಬ್ಬರಿ ಕೇಳು. ಫೋನಿನ್ಯಾಗ ದನಿ ಬ್ಯಾರೆ ಆಗ್ತದ—"

"ಮೂವತ್ನಾಕ ವರ್ಷ ಕೇಳೀನಿ ಅಣ್ಣಾ. ನಮ್ಮವರೇ ಅವರು."

ಕಾಣೆಯಾದವನೇ ಬೋರ್ಡು ಬರೆಸಿದ್ದ. ಕಾಣೆಯಾಗುವ ನಾಲ್ಕೈದು ದಿನ ಮೊದಲೇ. ಹೆಂಡತಿಗೆ ಓದಲು ಬರುವ ಅಕ್ಷರದಲ್ಲಿ, ಹೆಂಡತಿ ಬರುವ ಹೊತ್ತಿಗೆ. ಆ ಬಳಿಕ ಆಕೆಯ ಜೊತೆಗೇ ನಡೆದುಬಂದು, ಆ ಬಾಗಿಲನ್ನು ತಾನೇ ತಳ್ಳಿ ಒಳಗೆ ಹೋಗಿದ್ದ. ಓಡಿಹೋಗುವವನಿಗೆ ಬಸ್ಸು ಸಾಲದೇ? ಇಷ್ಟೆಲ್ಲ ಯಾಕೆ? ಸುವರ್ಣಾ ಯಾವ ತುದಿಯಿಂದ ಎಳೆದರೂ ಎಳೆ ಇನ್ನಷ್ಟು ಗಂಟಾಗುತ್ತಿತ್ತು.

"ಯಾರರ ಬಾಜೂಕ ನಿಂತು ಹೇಳಸಾಕತ್ತಾರೇನು?" ಪೀರಪ್ಪ ತನ್ನಷ್ಟಕ್ಕೇ ಎಂಬಂತೆ ಕೇಳಿದ. "ಹೇಳಿಕೊಟ್ಟದ್ದನ್ನ ಒಪ್ಪಿಸಿದಂಗ ಅದ. ಇಲ್ಲಾ, ಅಂವನ ಎಲ್ಲಾ..."

ಓಂಕಾರ ಇನ್ನೊಂದು ಫೈಲು ತೆರೆದ.

"ಅಕ್ಕಾರ... ಇವತ್ತು ಮುಂಜಾನೆ ಇನ್ನೊಂದ ಕೆಲಸ ಬಂದದ. ಹೊಸಾ ನಂಬರಿಂದ. ಮೊದಲಿನ ಬೋರ್ಡಿನಾವ್ರ ಅಂತ ಬರ್ದಾರ. ಬಿಳಿ ಹಾಳಿ ಮ್ಯಾಲ ಕರಿ ರೇಡಿಯಂ. ಈ ಸಲ ಉಲ್ಟಾ ಬ್ಯಾಡ ಅಂದಾರ. ಫೋಟೋ ಕಳಿಸ್ಯಾರ, ನಾ ಅರ್ಧಾ ಕೂಡಿಸೀನಿ. ಸಂಜಿಗೆ ನಿಮಗ ಕಳಸೂದಿತ್ತು. ಏನು ಬರ್ದದ ಅಂತ ನನಗ ಓದಾಕ ಬರಂಗಿಲ್ಲ."

ಅವನು ಪರದೆಯನ್ನು ಅವರ ಕಡೆ ತಿರುಗಿಸಿದ.

ಎಡಕ್ಕೆ ಗಣಪತಿ, ನವಿಲು. ಬಲಕ್ಕೆ ಗೆರೆಕಾಗದದ ಮೇಲೆ ಬರೆದದ್ದರ ಫೋಟೋ. ನಡುವೆ ಓಂಕಾರ ಕೂಡಿಸುತ್ತಿದ್ದ ಅರೆಬರೆ ಅಕ್ಷರಗಳು, ಒತ್ತುಗಳಿಲ್ಲದೆ.

ಸುವರ್ಣಾ ಮೊದಲ ಸಾಲು ಓದಿದವಳೇ ಪರದೆಗೆ ಅಡ್ಡ ನಿಂತಳು. ತಡವಾಗಿತ್ತು. ಸುಗಲಾಬಾಯಿ ಆಕೆಯ ತೋಳನ್ನು ಹಿಡಿದು, ಬಲವಿಲ್ಲದೆ, ಆದರೆ ಬಿಡದೆ, ಪಕ್ಕಕ್ಕೆ ಸರಿಸಿದಳು.

"ಫೋಟೋದಾಗಿನ ಅಕ್ಷರ ನಮ್ಮವರದಲ್ಲ," ಎಂದಳು ಮೊದಲು. "ನಮ್ಮವರಿಗೆ ಸಹಿ ಬಿಟ್ಟು ಬರ್ಯಾಕ ಬರಂಗಿಲ್ಲ."

ಆಮೇಲೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ದಿವಂಗತ... ಸುಗಲಾಬಾಯಿ... ಸಾತಲಿಂಗಪ್ಪ... ಹತ್ತೂರೆ."

ಪೀರಪ್ಪ ಮೇಜಿನ ಬಳಿಗೆ ಧಾವಿಸಿ ಬಂದ. ಆಕೆ ಕೈಯೆತ್ತಿ ತಡೆದಳು. ಕೆಳಗೆ ಇನ್ನೊಂದು ಸಾಲಿತ್ತು.

"ನಿಧನ... ಶನಿವಾರ." ಹಾಳೆಯ ತುದಿಯವರೆಗೆ ಓದಿ ಮುಗಿಸಿ, ಆಕೆ ಅಣ್ಣನ ಕಡೆ ತಿರುಗಿದಳು. ಬಸ್ಸಿನ ವೇಳೆ ಕೇಳುವವರಂತೆ ಸಾದಾ ಧ್ವನಿಯಲ್ಲಿ ಕೇಳಿದಳು:

"ಇವತ್ತ ಯಾವ ವಾರ ಅಣ್ಣಾ?"

"ಗುರುವಾರ," ಎಂದ ಪೀರಪ್ಪ.